ಹಳೆಯ ಕಿಟಕಿ

2015ರ ನವೆಂಬರ್ ತಿಂಗಳ ಒಂದು ಸಂಜೆ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಕಂಪ್ಯೂಟರ್ ಪೆಟ್ಟಿಗೆ ಇಟ್ಟುಕೊಂಡು ಕೂತ ಮುದುಕನನ್ನು ಯಾರಾದರೂ ನೋಡಿದ್ದರೆ ಆತ ನಾನೇ. ಪೆಟ್ಟಿಗೆಗೆ ಪೆಟ್ಟು ಬೀಳಬಾರದೆಂದು ನನ್ನ ಹೆಂಡತಿ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಕೊಟ್ಟು ಕಳಿಸಿದ್ದಳು. ಅದನ್ನು ಸುತ್ತಿ, ಸೆರಗು ಮೇಲೆ ಬರುವಂತೆ ಗಂಟು ಹಾಕಿದ್ದೆ. ಹುನಗುಂದದಲ್ಲಿ ಹತ್ತಿದ ಕಂಡಕ್ಟರು ಟಿಕೇಟು ಹರಿಯುತ್ತ ನನ್ನ ತೊಡೆಯ ಕಡೆ ನೋಡಿ, "ಏನ್ರೀ ಮಾಸ್ತರ್ರ, ಸೀರಿ ಉಡಿಸಿ ಕರಕೊಂಡು ಹೊಂಟೀರಿ, ಇದಕ್ಕೂ ಟಿಕೇಟ್ ತಗೀಲ್ಯಾ?" ಎಂದ. ಬಸ್ಸೆಲ್ಲ ನಕ್ಕಿತು. ಅಮೀನಗಡ ದಾಟುವ ಹೊತ್ತಿಗೆ ಕಾಲು ಜೋಮು ಹಿಡಿದು ನನ್ನದೋ ಪರರದೋ ತಿಳಿಯದಂತಾಗಿತ್ತು.

ಅದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಕೊಟ್ಟದ್ದು 4,500 ರೂಪಾಯಿ. ಇಳಕಲ್ಲಿನ ಪೇಟೆಯೊಳಗಿನ ಒಂದು ಡಿಟಿಪಿ ಅಂಗಡಿಯದು. ಮದುವೆ ಕಾರ್ಡು, ಸೀರೆ ವ್ಯಾಪಾರಿಗಳ ಬಿಲ್ಲು ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ, ಸತ್ತವರ ಶ್ರದ್ಧಾಂಜಲಿ ಫಲಕ, ಹೀಗೆ ಹುಟ್ಟಿನಿಂದ ಸಾವಿನವರೆಗೆ ಊರಿನ ಅಕ್ಷರವೆಲ್ಲ ಹದಿನೈದು ವರ್ಷ ಆ ಅಂಗಡಿಯಲ್ಲಿ ಹಾದುಹೋಗಿತ್ತು. ಮದುವೆ ಕರೆ ಮೊಬೈಲಿಗೆ ಬರತೊಡಗಿದ ಮೇಲೆ ಕಾರ್ಡು ಅಚ್ಚು ಹಾಕಿಸುವವರು ಕಡಿಮೆಯಾದರು. ಅಂಗಡಿಯವ ಮಳಿಗೆ ಬಿಟ್ಟುಕೊಟ್ಟ. ನನಗೆ ಅವನು ಇಪ್ಪತ್ತು ವರ್ಷದ ಪರಿಚಯ. "ತುಗೊಂಡು ಹೋಗ್ರಿ ಸರ್ರ, ಗುಜರಿಯವರಿಗೆ ಕೊಡೂದಕ್ಕಿಂತ ನೀವು ಬಳಸಿದ್ರ ನನಗ ಸಮಾಧಾನ. ಆದ್ರ ಹಾಂಗ ನಡಸಬ್ಯಾಡ್ರಿ. ವೈರಸ್ ಬಾಳ ಅದಾವು. ಹೊಸದಾಗಿ ವಿಂಡೋಸ್ ಹಾಕ್ಕೊಂಡುಬಿಡ್ರಿ" ಎಂದಿದ್ದ.

ಅವನು ಹೇಳಿದ್ದು ಸರಿಯೇ ಇತ್ತು. ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಅದನ್ನು ಮಾಡಿದ ಕಂಪನಿಯೇ 2014ರ ಏಪ್ರಿಲ್‌ನಲ್ಲಿ ಅದಕ್ಕೆ ಕೊಡುತ್ತಿದ್ದ ಆಸರೆ ನಿಲ್ಲಿಸಿತ್ತು. ನಮ್ಮ ಮನೆಯಲ್ಲಿ ಸುಟ್ಟುಹೋದ ಹಿಂದಿನ ಯಂತ್ರದ ಜತೆಗೆ ಕೊಂಡಿದ್ದ ವಿಂಡೋಸ್ 7ರ ತಟ್ಟೆ ಇತ್ತು. ನವನಗರದ ನಮ್ಮ ಮನೆಯ ನಡುಕೋಣೆಯಲ್ಲಿ ಯಂತ್ರ ಸ್ಥಾಪಿಸಿ, ಕನ್ನಡಕ ಒರೆಸಿಕೊಂಡು, ನಾನೇ ಕೆಲಸಕ್ಕೆ ಕೈಹಾಕಿದೆ. ನಿವೃತ್ತ ಮಾಸ್ತರನಿಗೆ ಹೊತ್ತಿಗೇನು ಬರ.

ಎಲ್ಲಿ ಹಾಕಲಿ ಎಂದು ಯಂತ್ರ ಕೇಳಿತು. 80 ಜಿಬಿಯ ತಟ್ಟೆಯನ್ನು ಸಿ ಎಂದೂ ಡಿ ಎಂದೂ ಎರಡು ಭಾಗ ಮಾಡಿಟ್ಟಿದ್ದರು, ಅಣ್ಣತಮ್ಮಂದಿರ ಪಾಲಿನ ಹಾಗೆ. ಸಿ ತೋರಿಸಿದೆ. ಆಗ ಒಂದು ಎಚ್ಚರಿಕೆ ಬಂತು: ಇಲ್ಲಿ ಹಳೆಯ ವಿಂಡೋಸ್ ಇದೆ, ಅದರ ಕಡತಗಳನ್ನು 'ವಿಂಡೋಸ್ ಡಾಟ್ ಓಲ್ಡ್' ಎಂಬ ಕೋಶಕ್ಕೆ ಸರಿಸಿ ಇಡುತ್ತೇನೆ, ಅವು ನಿನಗೆ ಸಿಗುತ್ತವೆ, ಆದರೆ ಹಳೆಯ ವಿಂಡೋಸ್ ಓಡುವುದಿಲ್ಲ ಎಂದು. ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಮೂವತ್ತು ವರ್ಷ ಹೇಳಿದವನು ನಾನು. ಅರ್ಧ ಓದಿ ಸರಿ ಎಂದು ಒತ್ತಿದೆ.

ಒಂದು ತಾಸಿನೊಳಗೆ ಹೊಸ ವಿಂಡೋಸ್ ಬಂತು. ನೀಲಿ ಆಕಾಶ, ಮೂಲೆಯಲ್ಲಿ ಒಂದೇ ಒಂದು ಕಸದ ಬುಟ್ಟಿ. ಗೋಡೆಗೆ ಸುಣ್ಣ ಹೊಡೆದಂತೆ ಕಂಡಿತು. ಆದರೆ ಸಿ ಡ್ರೈವ್ ತೆಗೆದು ನೋಡಿದರೆ ಅದರ ಪಟ್ಟಿ ಕೆಂಪಾಗಿ ಉರಿಯುತ್ತಿತ್ತು, ಜಾಗವಿಲ್ಲ ಎಂಬ ಅರ್ಥ. ಮನೆ ಹೊಸದು, ಆದರೆ ಹಿಂದಿನವರ ಸಾಮಾನು ಅಟ್ಟದ ತುಂಬ. ಎಲ್ಲ ಆ 'ಹಳೆಯ ಕಿಟಕಿ' ಕೋಶದಲ್ಲಿ. ವಿಂಡೋಸ್ ಡಾಟ್ ಓಲ್ಡ್ ಎಂಬುದಕ್ಕೆ ನಾನು ಅಂದೇ ಇಟ್ಟ ಕನ್ನಡ ಹೆಸರು ಅದು. ಹೆಂಡತಿಯ ತವರಿನವರದೊಂದು ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಭಾಗ ಮುಳುಗಡೆಗೆ ಹೋದಾಗ ಬಾಗಿಲು ಕಿಟಕಿ ಕಿತ್ತು ನವನಗರಕ್ಕೆ ತಂದಿದ್ದರು. ಅದರಲ್ಲಿ ಒಂದು ಸಾಗವಾನಿ ಕಿಟಕಿ ಇಂದಿಗೂ ನಮ್ಮ ಅಡಿಗೆಮನೆಯಲ್ಲಿದೆ. ಸಿಮೆಂಟಿನ ಗೋಡೆಗೆ ಅದು ಒಗ್ಗಿಲ್ಲ, ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದೇ ಇಲ್ಲ. ಹಾಗಾಗಿ ಹಳೆಯ ಕಿಟಕಿ ಎಂದರೆ ನಮ್ಮ ಮನೆಯಲ್ಲಿ ಹೆಂಡತಿಗೆ ಪ್ರೀತಿ, ನನಗೆ ತಲೆನೋವು.

ಆ ಕೋಶದೊಳಗೆ ಹಳೆಯ ತಂತ್ರಾಂಶಗಳೆಲ್ಲ ಸಾಲಾಗಿ ನಿಂತಿದ್ದವು. ಒಂದನ್ನು ಒತ್ತಿದೆ: ಓಡಲಿಲ್ಲ. ಇನ್ನೊಂದನ್ನು ಒತ್ತಿದೆ: ಏನೋ ಒಂದು ಕಡತ ಕಾಣೆಯಾಗಿದೆ ಎಂದಿತು. ತೆಗೆದು ಹಾಕೋಣವೆಂದು ಕಂಟ್ರೋಲ್ ಪ್ಯಾನೆಲ್‌ಗೆ ಹೋದರೆ ಅಲ್ಲಿಯ ಪಟ್ಟಿಯಲ್ಲಿ ಅವುಗಳ ಹೆಸರೇ ಇಲ್ಲ. ಇದರ ಮರ್ಮ ನಮ್ಮ ಭಾಗದವರಿಗೆ ಬೇಗ ತಿಳಿಯುತ್ತದೆ. ವಿಂಡೋಸಿನಲ್ಲಿ ರಿಜಿಸ್ಟ್ರಿ ಎಂಬುದೊಂದು ಇದೆ. ಅದು ಉತಾರ ಇದ್ದ ಹಾಗೆ. ಯಾವ ತಂತ್ರಾಂಶ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಅದರ ಹಕ್ಕುಬಾಧ್ಯತೆ ಏನು ಎಂಬುದೆಲ್ಲ ಅದರಲ್ಲಿ ದಾಖಲು. ಹೊಸ ವಿಂಡೋಸ್ ಹೊಸ ಉತಾರ ಬರೆದುಕೊಂಡು ಬರುತ್ತದೆ. ಹಳೆಯ ತಂತ್ರಾಂಶದ ಮನೆ ನಿಂತೇ ಇದೆ, ಉತಾರದಲ್ಲಿ ಮಾತ್ರ ಹೆಸರಿಲ್ಲ. ಮುಳುಗಡೆಯಲ್ಲಿ ನಾವು ಕಂಡದ್ದು ಇದರ ತಿರುವುಮುರುವು: ಉತಾರದಲ್ಲಿ ಹೆಸರಿತ್ತು, ಮನೆ ನೀರಿನೊಳಗಿತ್ತು.

ಡಿಲೀಟ್ ಒತ್ತಿದರೆ ನಿನಗೆ ಅನುಮತಿ ಇಲ್ಲ ಎಂದಿತು. ನನ್ನ ಮನೆಯಲ್ಲಿ, ನನ್ನ ದುಡ್ಡಿನ ಯಂತ್ರದಲ್ಲಿ, ನನಗೆ ಅನುಮತಿ ಇಲ್ಲ! ಹಟ ಬಂತು. ಪಕ್ಕದ ಸೆಕ್ಟರಿನ ಪಾಲಿಟೆಕ್ನಿಕ್ ಹುಡುಗನೊಬ್ಬ ದಾರಿ ತೋರಿಸಿದ. ಡಿಸ್ಕ್ ಕ್ಲೀನಪ್ ಎಂಬುದನ್ನು ತೆರೆದು, ಸಿಸ್ಟಂ ಕಡತಗಳನ್ನೂ ಸೇರಿಸು ಎಂದರೆ, ಹಿಂದಿನ ವಿಂಡೋಸ್ ಸ್ಥಾಪನೆ ಎಂಬ ಸಾಲು ಬರುತ್ತದೆ. ಅದಕ್ಕೊಂದು ಗುರುತು ಹಾಕಿದರೆ ಮುಗಿಯಿತು. ಇದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಹೊರಗೆ. ಒಂಬತ್ತು ಜಿಬಿ ಖಾಲಿಯಾಯಿತು. ಅಷ್ಟಕ್ಕೆ ಬಿಡಲಿಲ್ಲ. ಡಿ ಡ್ರೈವಿನಲ್ಲಿ ಅಕ್ಷರ ಜೋಡಣೆಯ ಒಂದು ದುಬಾರಿ ತಂತ್ರಾಂಶದ ಕೋಶವಿತ್ತು. ಹೆಸರು ಬೇಡ. ಅದು ನಡೆಯಬೇಕಾದರೆ ಯಂತ್ರದ ಬೆನ್ನಿಗೆ, ಪ್ರಿಂಟರ್ ಸಿಗಿಸುವಲ್ಲಿ, ಒಂದು ಬೀಗದಂಥ ತುಂಡು ಚುಚ್ಚಬೇಕಿತ್ತು. ಬೀಗ ಇಲ್ಲ, ಇನ್ನು ಇದೇಕೆ ಎಂದು ಅದನ್ನೂ ಅಳಿಸಿ, ಬುಟ್ಟಿಯನ್ನೂ ಬರಿದು ಮಾಡಿದೆ. ಕೆಂಪು ಪಟ್ಟಿ ನೀಲಿಯಾಯಿತು. ಖಾಲಿಯಾದ ಜಾಗಕ್ಕೆ ಮೊಮ್ಮಗನ ಬಾರಸೆಯ ಫೋಟೋಗಳನ್ನೂ, ಅವನಿಗೆಂದು ತಂದ ಕಾರ್ಟೂನುಗಳನ್ನೂ ತುಂಬಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಜಂಭದಿಂದ ಹೇಳಿದೆ, "ಒಂದು ಎಳಿ ಉಳಿಸಿಲ್ಲ ನೋಡು, ಎಲ್ಲಾ ಸ್ವಚ್ಛ." ಹೆಂಡತಿ ನೇಕಾರರ ಮನೆಯವಳು. ರೊಟ್ಟಿ ಬಡಿಯುತ್ತಲೇ, "ನಮ್ಮ ಅಪ್ಪ ಹಂಗ ಎಲ್ಲಾ ಎಳಿ ಕಿತ್ತಿದ್ರ ನಾವು ಉಪಾಸ ಬೀಳತಿದ್ವಿ" ಎಂದಳು. ಕೈಮಗ್ಗದ ಕೆಲಸ ನೋಡದವರಿಗೆ ಈ ಮಾತು ಬಿಡಿಸಿ ಹೇಳಬೇಕು. ಸೀರೆಗಳು ನೇಯ್ದು ಮುಗಿದು ಹಾಸು ತೀರಿದಾಗ ನೇಕಾರ ಅದನ್ನು ಪೂರ್ತಿ ಎಳೆದು ಹಾಕುವುದಿಲ್ಲ. ಹಣಿಗೆಯಲ್ಲೂ ಅದರ ಹಿಂದಿನ ಕಣ್ಣುಗಳಲ್ಲೂ ಹಾದ ಹಳೆಯ ಎಳೆಗಳ ತುದಿಯನ್ನು ಒಂದಿಷ್ಟು ಉದ್ದ ಹಾಗೇ ಬಿಡುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಗಂಟು ಹಾಕಿ ಎಳೆದರೆ ಹೊಸದು ತಂತಾನೇ ತನ್ನ ಕಣ್ಣಿನಲ್ಲಿ ಹಾದು ಬರುತ್ತದೆ. ಹಳೆಯದನ್ನು ಕಿತ್ತುಬಿಟ್ಟರೆ ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಕೈಯಿಂದ ಪೋಣಿಸಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸಿಗಿಸಿ ಜೋಡಿಸುವುದಕ್ಕೆ ತೋಪತೆನಿ ಎನ್ನುತ್ತಾರೆ. ಜೋಡಣೆಯೇ ಆ ಸೀರೆಯ ಗುಟ್ಟು. ಇರಲಿ. ಅವಳ ಮಾತಿಗೆ ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ತಿಂಗಳು ಕಳೆಯಿತು. ಡಿ ಡ್ರೈವಿನಲ್ಲಿ ಇನ್ನೂ ಅಂಗಡಿಯ ಕೆಲಸದ ಕೋಶಗಳು ಉಳಿದಿದ್ದವು. ಅವನ್ನು ಅಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿದೆ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ: ಮದುವೆ, ಜಾತ್ರೆ, ಸೊಸೈಟಿ, ಅರ್ಜಿ. ಅರ್ಜಿ ಎಂಬುದರಲ್ಲಿ ಸ್ಕ್ಯಾನ್ ಮಾಡಿದ ಹಾಳೆಗಳಿದ್ದವು: ಮುಳುಗಡೆ ಪರಿಹಾರ ಕೇಳಿದವರು, ನೆರೆಯಲ್ಲಿ ಮನೆ ಬಿದ್ದವರು, ಅವರ ಹೆಸರು, ಖಾತೆ ಸಂಖ್ಯೆ, ಹೆಬ್ಬೆಟ್ಟು, ಗಾಬರಿಯ ಮುಖದ ಫೋಟೋ. ಇವು ನನ್ನ ಕೈಗೆ ಬರಬೇಕಾದವಲ್ಲ. ಯಂತ್ರ ಮಾರುವವರು ತಮ್ಮ ಬಟ್ಟೆ ಪಾತ್ರೆ ತೆಗೆದುಕೊಂಡ ಹಾಗೆ ಇಂಥದನ್ನೂ ತೆಗೆದು, ತಟ್ಟೆಯನ್ನು ಪೂರ್ತಿ ಒರೆಸಿ ಕೊಡಬೇಕು. ನಾನೇ ಒರೆಸಿದೆ. ಆ ಕೆಲಸದ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಆಮೇಲೆ ಕಂಡದ್ದು 'ಸರ್ ಕೆಲಸ' ಎಂಬ ಕೋಶ. ತೆರೆದೆ. ಒಳಗೆ ಒಂದೇ ಕಡತ. ಅದರ ಹೆಸರು 'ಅವ್ವ'.

ಇಲ್ಲಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ನನ್ನ ಅವ್ವನಿಗೆ ಓದು ಬರಹ ಇರಲಿಲ್ಲ. ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರು ನಮ್ಮದು. ಆಕೆ ಬೀಸುವಾಗ ಹಾಡುತ್ತಿದ್ದ ಪದಗಳನ್ನು 2004ರ ಬೇಸಿಗೆಯಲ್ಲಿ ಕೂತು ಎರಡು ನೋಟುಬುಕ್ಕಿನ ತುಂಬ ಬರೆದುಕೊಂಡೆ. ಬೀಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಸುಮ್ಮನೆ ಕೂತರೆ ಆಕೆಗೆ ಪದ ನೆನಪಾಗುತ್ತಿರಲಿಲ್ಲ. ಖಾಲಿ ಬೀಸುಕಲ್ಲನ್ನು ತಿರುವಿದರೆ ಬರುತ್ತಿದ್ದವು. ಕಾಳಿಲ್ಲದ ಕಲ್ಲಿನ ಸಪ್ಪಳದಲ್ಲಿ ನೂರಾ ಹದಿನಾಲ್ಕು ತ್ರಿಪದಿ ಸಿಕ್ಕವು. ಸಣ್ಣ ಪುಸ್ತಕ ಮಾಡೋಣವೆಂದು ಇದೇ ಇಳಕಲ್ಲಿನ ಅಂಗಡಿಗೆ ಕೊಟ್ಟೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನಗುತ್ತ ನಗುತ್ತ ಟೈಪು ಮಾಡಿದಳು. ಕರಡು ಬರುವ ಹೊತ್ತಿಗೆ ಮಗಳ ಮದುವೆ, ಆಮೇಲೆ ಸಾಲ. ಪುಸ್ತಕ ಅಲ್ಲಿಗೇ ನಿಂತಿತು. 2006ರಲ್ಲಿ ಅವ್ವ ತೀರಿಕೊಂಡಳು. ನೋಟುಬುಕ್ಕು ಊರ ಮನೆಯ ಗೂಡಿನಲ್ಲಿದ್ದವು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆ ಬಾಗಲಕೋಟೆ ಜಿಲ್ಲೆಯನ್ನು ಏನು ಮಾಡಿತೆಂದು ಎಲ್ಲರಿಗೂ ಗೊತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಆ ಗೂಡೇ ಇರಲಿಲ್ಲ, ಗೋಡೆಯೇ ಕುಸಿದಿತ್ತು. ಅಂಗಡಿಯವನನ್ನು ಕೇಳಿದ್ದೆ. ಹಳೆಯ ಯಂತ್ರ ಕೆಟ್ಟು ಹೋಯಿತು ಸರ್, ಅದರೊಳಗಿನದು ಉಳಿದಿರಲಿಕ್ಕಿಲ್ಲ ಎಂದಿದ್ದ. ಆದರೆ ತಟ್ಟೆ ಉಳಿದಿತ್ತು. ಮುಂದಿನ ಯಂತ್ರಕ್ಕೆ ಅದರದ್ದೆಲ್ಲ ನಕಲಾಗಿ ಬಂದಿತ್ತು. ಅದು ಅವನಿಗೂ ಮರೆತುಹೋಗಿತ್ತು.

ಕಡತ ಪೇಜ್‌ಮೇಕರಿನದು. ಒಂದು ಕಾಲಕ್ಕೆ ಕನ್ನಡದ ಪುಸ್ತಕ, ಪತ್ರಿಕೆ, ಕರಪತ್ರಗಳೆಲ್ಲ ಅದರಲ್ಲೇ ಆಗುತ್ತಿದ್ದವು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು. ಪರಿಚಯದ ಮುದ್ರಕರೊಬ್ಬರಲ್ಲಿಗೆ ಪೆನ್ ಡ್ರೈವ್ ಒಯ್ದು ತೆರೆಸಿದೆ. ಅಕ್ಷರಶೈಲಿ ಸಿಗುತ್ತಿಲ್ಲ, ಬದಲಿ ಹಾಕುತ್ತೇನೆ ಎಂದು ಕೇಳಿ, ಪುಟ ತೆರೆಯಿತು. ಮೂರು ಮೂರು ಸಾಲಿನ ಪದಗಳು, ನಡುವೆ ಒಂದೊಂದು ಹೂವಿನ ಗುರುತು, ನಾನು ಹೇಳಿದ್ದಂತೆಯೇ. ಆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಟೊಪ್ಪಿಗೆ, ಕೆಲವಕ್ಕೆ ಚುಕ್ಕೆ, ನಡುನಡುವೆ ಪೌಂಡು ಡಾಲರುಗಳ ಗುರುತು. ಅವ್ವ ವಿಲಾಯತಿ ಭಾಷೆಯಲ್ಲಿ ಬೀಸುತ್ತಿದ್ದ ಹಾಗೆ.

ಅಲ್ಲಿಂದಲೇ ಇಳಕಲ್ಲಿಗೆ ಫೋನು ಮಾಡಿದೆ. "ನಿಮ್ಮ ಅಕ್ಷರದ ಸಿಡಿ ಇದ್ದರ ಬೇಕಿತ್ತು."

"ಸಿಡಿ ಎಲ್ಲಿದಾವ್ರೀ ಸರ್ರ? ಮಳಿಗಿ ಬಿಡೂಮುಂದ ಸಿಡಿ, ಬೀಗ ಎಲ್ಲಾ ಒಗದ್ವಿ. ಆದ್ರ ಫಾಂಟು ನಿಮ್ಮ ಕಂಪ್ಯೂಟರನ್ಯಾಗ ಇದ್ವಲ್ಲಾ. ವಿಂಡೋಸ್‌ನ ಫಾಂಟ್ಸ್ ಅಂತ ಇರತೈತಿ ನೋಡ್ರಿ, ಅದರಾಗ."

ಇದ್ದವು. ಹಳೆಯ ಕಿಟಕಿಯೊಳಗೆ ಇದ್ದವು.

ಈ ಗೋಜಲು ಏಕೆ ಹೀಗೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆಗಿನ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಎಂಬುದಷ್ಟೇ ಅದರ ಲೆಕ್ಕ, ಇದ್ದ ಖಾನೆಗಳು 256. ಅವು ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಹಂಚಿಹೋಗಿದ್ದವು. ನಮ್ಮವರು ಒಂದು ಉಪಾಯ ಹೂಡಿದರು: ಸಂಖ್ಯೆ ಅದೇ ಇರಲಿ, ಚಿತ್ರ ಮಾತ್ರ ಕನ್ನಡದ್ದಿರಲಿ. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪ. ಆದ್ದರಿಂದ ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಂದು ತುಂಡು ಮಾಡಿ ಖಾನೆಗಳಿಗೆ ತುಂಬಿದರು. ಯಾರು ಯಾವ ತುಂಡನ್ನು ಯಾವ ಖಾನೆಗೆ ಹಾಕಬೇಕೆಂಬುದಕ್ಕೆ ಒಪ್ಪಂದವಿರಲಿಲ್ಲ. ಒಬ್ಬರ ಮನೆಯಲ್ಲಿ ಉಪ್ಪಿನ ಡಬ್ಬಿ ಇದ್ದಲ್ಲಿ ಇನ್ನೊಬ್ಬರ ಮನೆಯಲ್ಲಿ ಸಕ್ಕರೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಅದಾದ ಕೆಲವು ವರ್ಷಕ್ಕೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಊರೂರ ಹುಡುಗ ಹುಡುಗಿಯರ ಬೆರಳಿಗೆ ಹತ್ತಿತು. ಇವುಗಳಲ್ಲಿ ಬರೆದ ಹಳೆಯ ಕಡತಗಳನ್ನು ತಿರುಗಿಸಲು ಪರಿವರ್ತಕಗಳಿವೆ. ಆದರೆ ಪೇಟೆಯ ಅಂಗಡಿಗಳಲ್ಲಿ ನಡೆದ ಬೇರೆ ಬೇರೆ ಅಕ್ಷರಗಳೆಷ್ಟೋ. ಯುನಿಕೋಡ್ ಎಂಬ ಜಾಗತಿಕ ಒಪ್ಪಂದದಲ್ಲಿ ಕನ್ನಡಕ್ಕೆ 1991ರಲ್ಲೇ ತನ್ನ ಸ್ವಂತ ಸಂಖ್ಯೆ ಸಿಕ್ಕಿತ್ತು. ಅಕಾರಕ್ಕೆ 3205, ಕಕಾರಕ್ಕೆ 3221. ಯಾವ ದೇಶದ ಯಾವ ಯಂತ್ರದಲ್ಲೂ ಅದೇ. ಆದರೆ ಪೇಜ್‌ಮೇಕರಿಗೆ ಅದು ತಿಳಿಯದು. ಹೀಗಾಗಿ ನಮ್ಮ ಡಿಟಿಪಿಯವರು 2004ರಲ್ಲೂ, ಆಮೇಲೂ, ಡಬ್ಬಿಯ ಹಳೆಯ ಲೆಕ್ಕದಲ್ಲೇ ಅಡಿಗೆ ಮಾಡುತ್ತಿದ್ದರು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಬಲ್ಲದ್ದು ಆ ಫಾಂಟು ಒಂದೇ. ಅದನ್ನೇ ನಾನು ಕಸವೆಂದು ಹೊರಗೆ ಹಾಕಿದ್ದೆ.

ಹೆಂಡತಿಗೆ ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಾದಾಮಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ಅವನ ಕಾಕಾ ಹಿಂದೆ ಡಿಟಿಪಿ ನಡೆಸುತ್ತಿದ್ದ ಎಂದು ತಿಳಿಯಿತು. 2016ರ ಜನವರಿ, ಬನಶಂಕರಿ ಜಾತ್ರೆಯ ದಿನಗಳು. ತಟ್ಟೆಯನ್ನು ಬಿಚ್ಚಿಸಿ, ಟವಲಿನಲ್ಲಿ ಸುತ್ತಿ, ಬಾಗಲಕೋಟೆಯಲ್ಲಿ ರೈಲು ಹತ್ತಿದರೆ ಕಾಲಿಡಲು ಜಾಗವಿಲ್ಲ. ಗುಳೇದಗುಡ್ಡ ರೋಡಿನಲ್ಲಿ ಇನ್ನಷ್ಟು ಜನ ತುಂಬಿದರು. ಎಲ್ಲರೂ ದೇವಿಗೆ, ನಾನೊಬ್ಬನೇ ಫಾಂಟಿಗೆ.

ಹುಡುಗ ತಟ್ಟೆಯನ್ನು ತನ್ನ ಯಂತ್ರಕ್ಕೆ ಹಚ್ಚಿ, "ಅಳಿಸಿದ ಮ್ಯಾಲೆ ಇದರಾಗ ಏನರೆ ಹಾಕೀರೇನ್ರಿ ಸರ್?" ಎಂದು ಕೇಳಿದ. ಅಳಿಸುವುದೆಂದರೆ ನಿಜಕ್ಕೂ ಅಳಿಸುವುದಲ್ಲವಂತೆ. ಕಡತದ ಹೆಸರನ್ನು ಪಟ್ಟಿಯಿಂದ ಹೊಡೆದು, ಈ ಜಾಗ ಖಾಲಿ ಎಂದು ಬರೆದಿಡುವುದು ಅಷ್ಟೇ. ಒಳಗಿನದು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಏನಾದರೂ ಬಂದು ಕೂರುವವರೆಗೆ. ನಾನು ಬಾರಸೆಯ ಫೋಟೋ, ಕಾರ್ಟೂನು ಎಂದೆ. ಅವನು ತಲೆ ಕೆರೆದುಕೊಂಡ. ಹುಡುಕುವ ತಂತ್ರಾಂಶ ಹಚ್ಚಿ, "ನಾಲ್ಕೈದು ತಾಸು ಹಿಡೀತದ, ನೀವು ಅಡ್ಡಾಡಿ ಬರ್ರಿ" ಎಂದ.

ಅಗಸ್ತ್ಯ ತೀರ್ಥದ ದಂಡೆಗೆ ಹೋದೆ. ಹೊಂಡದ ಆಚೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದು; ಕನ್ನಡದಲ್ಲಿ ಸಿಕ್ಕ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ಇದನ್ನು ಪಾಠ ಮಾಡುವಾಗ ಎಷ್ಟು ಸಲ ಹೇಳಿದ್ದೆನೋ. ನನ್ನ ಅವ್ವ ಬೀಸುಕಲ್ಲಿನ ಮುಂದೆ ಹಾಡಿದ್ದೂ ತ್ರಿಪದಿಯೇ. ಒಂದು ಸಾವಿರದ ಮುನ್ನೂರು ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ, ಇನ್ನೊಂದು ಹನ್ನೆರಡು ವರ್ಷಕ್ಕೆ ಓದಲು ಬಾರದಾಗಿದೆ ಎಂದು ಮರುಗುತ್ತ ಕೂತೆ. ಆಮೇಲೆ ಹೊಳೆಯಿತು, ಆ ಬಂಡೆಯ ಅಕ್ಷರವನ್ನಾದರೂ ನಾನೆಲ್ಲಿ ಓದಬಲ್ಲೆ? ನನಗೆ ಗೊತ್ತಿರುವುದು ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಅಚ್ಚು ಹಾಕಿಸಿದ ಪಾಠ, ಆಮೇಲೆ ನಮ್ಮ ವಿದ್ವಾಂಸರು ಬಿಡಿಸಿಟ್ಟ ಅರ್ಥ. ಕಲ್ಲಿಗೂ ಒಂದು ಫಾಂಟು ಬೇಕು; ಅದು ಯಾರದಾದರೂ ತಲೆಯೊಳಗಿರಬೇಕು. ಇದೇ ಬಾದಾಮಿಯನ್ನು ಪಲ್ಲವರ ನರಸಿಂಹವರ್ಮ 642ರ ಸುಮಾರಿಗೆ ಗೆದ್ದು, ತನ್ನ ಹೆಸರಿನ ಶಾಸನವನ್ನು ಇಲ್ಲಿಯ ಬಂಡೆಯ ಮೇಲೆ ಕೆತ್ತಿಸಿದ. ಚಾಲುಕ್ಯರು ಊರನ್ನು ಮರಳಿ ಪಡೆದರು. ಶಾಸನ ಸವೆದಿದೆ, ಆದರೂ ಇದೆ. ವೈರಿಯ ಬರಹವನ್ನು ಪೂರ್ತಿ ಒರೆಸಿ ಬಂಡೆ ಸ್ವಚ್ಛ ಮಾಡೋಣವೆಂಬ ನನ್ನಂಥ ಉಮೇದು ಅವರಿಗಿರಲಿಲ್ಲವೋ, ಪುರುಸೊತ್ತಿರಲಿಲ್ಲವೋ.

ಸಂಜೆ ಹೋದಾಗ ಹುಡುಗನ ಮುಖ ಅಷ್ಟಕ್ಕಷ್ಟೇ ಇತ್ತು. ಫಾಂಟಿನ ಕಡತಗಳ ಹೆಸರು ಸಿಕ್ಕಿದ್ದವು. ಒಳಗೆ ಅರ್ಧರ್ಧ ಮೊಮ್ಮಗ. ಒಂದೂ ತೆರೆಯಲಿಲ್ಲ. ಆದರೆ ಅವನ ಕಾಕಾನ ಟ್ರಂಕಿನಲ್ಲಿ ಅದೇ ಮನೆತನದ ಫಾಂಟಿನ ಹಳೆಯ ಆವೃತ್ತಿಯ ಸಿಡಿಯೊಂದು ಸಿಕ್ಕಿತು. ಅದನ್ನು ಹಾಕಿ ಕಡತ ತೆರೆದಾಗ ಪುಟದ ತುಂಬ ಕನ್ನಡ ಎದ್ದು ಬಂತು. ನನ್ನ ಕಣ್ಣು ಮಂಜಾಯಿತೆಂದು ಬೇರೆ ಹೇಳಬೇಕಿಲ್ಲ. ಕನ್ನಡಕ ಒರೆಸಿ ಓದಿದರೆ, ಅದು ಕನ್ನಡ ಹೌದು, ಆದರೆ ಕುಡಿದವನ ಕನ್ನಡ. ಎರಡು ಆವೃತ್ತಿಗಳ ನಡುವೆ ಕೆಲವು ಡಬ್ಬಿ ಅದಲುಬದಲಾಗಿದ್ದವು. ತಕಾರದ ಒತ್ತು ಇರಬೇಕಾದಲ್ಲಿ ನಕಾರದ ಒತ್ತು. ಕೆಲವು ಕಡೆ ಅಕ್ಷರವೇ ಇಲ್ಲ, ಖಾಲಿ 'ಚೌಕ'.

"ಪದ ನಿಮಗ ಬರತಾವಲ್ರೀ? ನೀವು ಹೇಳ್ರಿ, ನಾ ನಂಬರ್ ಬರಕೋತೀನಿ" ಎಂದ ಹುಡುಗ. ರಾತ್ರಿ ಒಂದರವರೆಗೆ ಕೂತೆವು. ಚೌಕಗಳು ನೋಡಲು ಒಂದೇ, ಆದರೆ ಒಳಗಿನ ಸಂಖ್ಯೆ ಬೇರೆ ಬೇರೆ. ಒಂದು ಕಡೆ 'ಮು', ಚೌಕ, ಆಮೇಲೆ 'ಹೂ' ಇದ್ದರೆ, ಅವ್ವನ ಬಾಯಲ್ಲಿ ಅದು ಏನೆಂದು ನನಗೆ ಗೊತ್ತು. ನಾನು ಹೇಳಿದ ಕೂಡಲೇ ಆ ಸಂಖ್ಯೆಯ ಎಲ್ಲ ಚೌಕಗಳೂ ತುಂಬುತ್ತಿದ್ದವು. ಒಂದು ಪದ ಇನ್ನೊಂದನ್ನು ಬಿಡಿಸುತ್ತಿತ್ತು. ನಾನು ಮರೆತೇ ಬಿಟ್ಟಿದ್ದ ಪದಗಳೂ ಹಾಗೆ ಬಿಚ್ಚಿಕೊಂಡವು. ಕೆಲವನ್ನು ಹಾಡಿ ನೋಡಿದೆ. ಹುಡುಗನ ತಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು, "ಈ ಪದ ನಮ್ಮೂರಾಗೂ ಅಂತಾರ" ಎಂದರು. ಮುಗಿದಾಗ ನೂರಾ ಹದಿನಾಲ್ಕರಲ್ಲಿ ನೂರಾ ಎಂಟು ಪದ ಪೂರ್ತಿ ಸಿಕ್ಕಿದ್ದವು. ಐದು ಕಡತವೇ ಕೆಟ್ಟ ಒಂದು ಪುಟದಲ್ಲಿ ಹೋಗಿದ್ದವು. ಉಳಿದದ್ದು ಒಂದೇ ಚೌಕ. "ಈ ನಂಬರ್ ಇಡೀ ಫೈಲಿನ್ಯಾಗ ಒಂದ ಸಲ ಬಂದೈತ್ರಿ. ಮುಂದ ನಕಾರ ಐತಿ. ದಕಾರ ಅಲ್ಲ, ದಕಾರದ ನಂಬರ್ ಬ್ಯಾರೆ."

ಅದು ತವರುಮನೆಯನ್ನು ಹರಸುವ ಪದ. ಅಲ್ಲಿ ಏನು ತುಂಬಿ ತುಳುಕಲಿ ಎನ್ನುವಲ್ಲಿ ಚೌಕ. ದಕಾರವಲ್ಲವಾದರೆ ಧಕಾರ. 'ಧನ'. ಅರ್ಥ ಕೂಡಿತು. ಹುಡುಗ ತುಂಬಿಸಿದ. ಬೆಳಿಗ್ಗೆ ಎಲ್ಲವನ್ನೂ ಯುನಿಕೋಡಿಗೆ ತಿರುಗಿಸಿ ಮೂರು ಕಡೆ ನಕಲು ಮಾಡಿ ಕೊಟ್ಟ. ದುಡ್ಡು ಮುಟ್ಟಲಿಲ್ಲ.

ಹೋದ ಐದು ಪದಕ್ಕಾಗಿ ಮುಂದಿನ ವಾರ ಹುನಗುಂದಕ್ಕೆ ಹೋದೆ. ಅಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಆಗ ಎಂಬತ್ತು ದಾಟಿದವಳು, ಮಗನ ಮನೆಯಲ್ಲಿದ್ದಳು. ಬೀಸುಕಲ್ಲು ಹಿತ್ತಲಲ್ಲಿ ಬಚ್ಚಲ ಮೆಟ್ಟಿಲಾಗಿತ್ತು. ಆಕೆ ಒಂದು ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಕೈ ತಿರುವುತ್ತ ಎರಡು ಪದ ಹೇಳಿದಳು, ಮೂರು ಬರಲಿಲ್ಲ. ನಾನು ಅವ್ವನ ಪದಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದೆ. ಆಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ತವರಿನ ಪದ ಬಂತು. ಕೈ ನಿಂತಿತು.

"ಏನಂದಿ? ಇನ್ನೊಮ್ಮೆ ಅನ್ನು."

ಓದಿದೆ. 'ಧನ' ಎಂದು ಮಾಸ್ತರಿಕೆಯಿಂದ ಒತ್ತಿಯೇ ಓದಿದೆ.

"ಅಲ್ಲೋ, ದನ ಅದು. ದನ. ಆಕಳ ಎತ್ತು. ರೊಕ್ಕ ಎಲ್ಲಿತ್ತೋ ನಮ್ಮ ಅಪ್ಪನ ಮನ್ಯಾಗ? ನಾಕ ದನ ಇದ್ವು, ಬರದಾಗ ಅವೂ ಹೋದ್ವು. ನಿಮ್ಮವ್ವ ಅದನ್ನ ಅಂತಿದ್ಲು, ದನ ತುಂಬಲಿ ಅಂತ."

ಆಕೆಯ ಮುಂದೆ ನಾನು ಸುಮ್ಮನಾದೆ. ಅವ್ವನ ಬಾಯಲ್ಲಿ ಮಹಾಪ್ರಾಣವೇ ಇರಲಿಲ್ಲ. ಆಕೆ ಧರ್ಮಕ್ಕೆ ದರ್ಮ, ಭೂಮಿಗೆ ಬೂಮಿ ಎನ್ನುತ್ತಿದ್ದಳು. ಅಂದದ್ದನ್ನು ಅಂದ ಹಾಗೆಯೇ ಬರೆಯಬೇಕೆಂದು ಹಟ ಹಿಡಿದು ಬರೆದಿದ್ದೆ. ಅದಕ್ಕೇ ಇಡೀ ಕಡತದಲ್ಲಿ ಧಕಾರ ಒಂದೇ ಸಲ ಬಂದದ್ದು. ಆ ಒಂದು ಕಡೆ ಯಾರೋ ತಿದ್ದಿದ್ದರು. ನಾನೇ ನೋಟುಬುಕ್ಕಿನಲ್ಲಿ, ಅವ್ವನಿಗಿಂತ ಹೆಚ್ಚು ಬಲ್ಲವನಾಗಿ, ತಿದ್ದಿದ್ದೆನೋ. ಟೈಪು ಮಾಡುವ ಹುಡುಗಿ ಮಾಸ್ತರರ ತಪ್ಪೆಂದು ಸರಿ ಮಾಡಿದ್ದಳೋ. ನೋಟುಬುಕ್ಕು ಮಲಪ್ರಭೆಯ ಪಾಲಾಗಿದ್ದವು. ಇನ್ನು ಮಹಾಪ್ರಾಣದ ಗುರುತು ಬಿಡದೆ ತಿದ್ದಿದ್ದು ಇನ್ನೆಷ್ಟಿದೆಯೋ ಅದನ್ನು ಯಾವ ಸಂಖ್ಯೆಯೂ ಹೇಳುವುದಿಲ್ಲ.

ಚಿಗವ್ವ ಮತ್ತೆ ಕೈ ತಿರುವಿದಳು. ಅದೇ ಪದವನ್ನು ತನ್ನ ಧಾಟಿಯಲ್ಲಿ ಅಂದಳು. ಎರಡನೆಯ ಸಾಲು ಅವ್ವನದಕ್ಕಿಂತ ಬೇರೆಯೇ ಇತ್ತು. ಅದನ್ನು ಕೆಳಗೆ ಬೇರೆಯಾಗಿ ಬರೆದುಕೊಂಡೆ. ಆ ರಾತ್ರಿ ಬಾಗಲಕೋಟೆಗೆ ಬಂದು, ಕಂಪ್ಯೂಟರ್ ಹಚ್ಚಿ, ಧಕಾರ ತೆಗೆದು ದಕಾರ ಒತ್ತಿದೆ. ಹಳೆಯ ಪೇಜ್‌ಮೇಕರ್ ಕಡತವನ್ನು, ಬಾದಾಮಿಯಿಂದ ತಂದ ಫಾಂಟನ್ನು, ನಾವಿಬ್ಬರೂ ಬರೆದ ಸಂಖ್ಯೆಗಳ ಹಾಳೆಯ ಚಿತ್ರವನ್ನು ಒಟ್ಟಿಗೆ ಒಂದು ಕೋಶದಲ್ಲಿ ಹಾಕಿದೆ. ಹೆಂಡತಿ ಬೆನ್ನ ಹಿಂದೆ ನಿಂತು, ಅದಕ್ಕೇನು ಹೆಸರಿಡುತ್ತೀರಿ ಎಂದು ಕೇಳಿದಳು.